ಹಿಮ್ಮಡಿ ಗೋಡೆಗೆ

ಕಾಲ್ಚೀಲ ಹರಿದಿದೆ ಎಂಬುದು ಮನೆ ಬಿಡುವಾಗಲೇ ನನಗೆ ಗೊತ್ತಿತ್ತು. ಬೂಟಿನೊಳಗಿನ ವಿಚಾರ ಬೂಟಿನೊಳಗೇ ಇರುತ್ತದೆ ಎಂಬ ಧೈರ್ಯದ ಮೇಲೆ ಹೊರಟಿದ್ದೆ. ಆದರೆ ಆಸ್ಪತ್ರೆಯ ಮಕ್ಕಳ ಮನೋವೈದ್ಯ ವಿಭಾಗದ ಅಳತೆ ಕೋಣೆಯಲ್ಲಿ, ಹತ್ತು ಹದಿನೈದು ಮಕ್ಕಳು ಅವರವರ ಹಿರಿಯರ ಜೊತೆ ಸಾಲುಗಟ್ಟಿ ನಿಂತಿದ್ದಾಗ, ಅಳೆಯುವ ಹೆಂಗಸು ಪೆನ್ಸಿಲನ್ನು ನನ್ನ ಎದೆಗೆ ನೇರವಾಗಿ ಹಿಡಿದು, "ಮೊದಲು ದೊಡ್ಡವರು. ಬೂಟು ಬಿಚ್ಚಿ" ಅಂದರು.

"ಪೇಷಂಟು ನಾನಲ್ಲ, ಇವಳು. ನನ್ನ ತಂಗಿ ಮಗಳು."

"ಗೊತ್ತು. ಮೊದಲು ದೊಡ್ಡವರು."

ಬಿಚ್ಚಿದೆ. ಬಲಗಾಲಿನ ಹೆಬ್ಬೆರಳು ಬಹಳ ದಿನಗಳಿಂದ ಇದೇ ಅವಕಾಶಕ್ಕೆ ಕಾದಿದ್ದಂತೆ ಪೂರ್ತಿ ಹೊರಬಂದು ಸಭೆಯನ್ನು ಒಮ್ಮೆ ನೋಡಿತು. ಸಭೆಯೂ ಅದನ್ನು ನೋಡಿತು. "ಅಮ್ಮಾ, ಬೆರಳು!" ಎಂದು ಒಂದು ಮಗು ಕೂಗಿ ಹೇಳಿತು, ಕಾಣದವರಿಗೆ ಅನುಕೂಲವಾಗಲಿ ಎಂದು. ನನ್ನ ಪಕ್ಕದಲ್ಲಿ ನಿಂತಿದ್ದ ತಂಗಿಯ ಮಗಳು ಮೂಗಿನಲ್ಲೇ ಫಕ್ಕೆಂದು ನಕ್ಕಳು. ವಾರಪತ್ರಿಕೆಗೆ ನಗೆಬರಹ ಬರೆಯುವವನು ನಾನು. ಇಪ್ಪತ್ತು ವರ್ಷ ಬರೆದು ನಗಿಸಲಾಗದವರನ್ನು ನನ್ನ ಹೆಬ್ಬೆರಳು ಒಂದೇ ಕ್ಷಣದಲ್ಲಿ ನಗಿಸಿತು.

ಹೊಸ ಟೈಲ್ಸಿನ ಮೇಲೆ ಹಳದಿ ಬಣ್ಣದಲ್ಲಿ ಎರಡು ಪಾದ ಬರೆದಿದ್ದರು. ಅದರ ಮೇಲೆ ನಿಂತೆ. ಗೋಡೆಗೆ ಬಡಿದಿದ್ದ ಅಳತೆಪಟ್ಟಿಗೆ ಬೆನ್ನು ಕೊಟ್ಟೆ. ಮರದ ಹಲಗೆಯೊಂದು ಜಾರಿಬಂದು ತಲೆ ಮೇಲೆ ಕುಳಿತಿತು.

"ಹಿಮ್ಮಡಿ ಗೋಡೆಗೆ. ಗದ್ದ ಇಳಿಸಿ. ಎದೆ ಉಬ್ಬಿಸಿದ್ರೆ ಎತ್ತರ ಬರಲ್ಲ, ಉಸಿರು ಬಿಡಿ."

ಉಸಿರು ಬಿಟ್ಟೆ. ಆಕೆ ಒಂದು ಮೋಟು ಸ್ಟೂಲಿನ ಮೇಲೆ ಹತ್ತಿ, ಅಂಕಿಗೆ ಕಣ್ಣು ನೇರ ಮಾಡಿ, ಎರಡು ಸಲ ಓದಿದರು. "ನೂರ ಅರವತ್ತೇಳು ಪಾಯಿಂಟ್ ಆರು. ನೂರ ಅರವತ್ತೇಳು ಪಾಯಿಂಟ್ ಆರು." ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಸಲ ಬರೆದುಕೊಂಡರು.

ಇಲ್ಲಿ ಒಂದು ತಪ್ಪೊಪ್ಪಿಗೆ. ಮದುವೆಗೆ ಮುಂಚೆ ನನ್ನ ಹೆಂಡತಿಗೆ ನಾನು ಐದಡಿ ಆರಂಗುಲ ಎಂದು ಹೇಳಿದ್ದೆ. ಇರುವುದು ಐದಡಿ ಐದು, ಅದೂ ಬೆಳಗಿನ ಹೊತ್ತು. ಆ ಒಂದು ಅಂಗುಲವನ್ನು ಇಪ್ಪತ್ತಾರು ವರ್ಷದಿಂದ ಆಕೆ ಮರೆತಿಲ್ಲ. ಅಟ್ಟದ ಮೇಲಿನ ಡಬ್ಬಿ ನನಗೆ ಎಟುಕದೆ ಹೋದಾಗಲೆಲ್ಲ, "ಇರ್ಲಿ ಬಿಡಿ, ಆ ಆರನೇ ಅಂಗುಲ ಬಂದ್ಮೇಲೆ ತೆಗೀರಿ" ಅನ್ನುತ್ತಾಳೆ. ನೂರ ಅರವತ್ತೇಳು ಪಾಯಿಂಟ್ ಆರು ಸೆಂಟಿಮೀಟರ್ ಎಂದರೆ ಸರಿಯಾಗಿ ಐದಡಿ ಆರಂಗುಲ. ಅಂದರೆ ಐವತ್ಮೂರನೇ ವಯಸ್ಸಿನಲ್ಲಿ ನನ್ನ ಸುಳ್ಳು ತಾನಾಗಿಯೇ ನಿಜವಾಗಿತ್ತು. ಹೆಬ್ಬೆರಳಿನ ಅವಮಾನ ಅಲ್ಲಿಗೇ ಮರೆತುಹೋಯಿತು.

ಅಳೆಯುವ ಆ ಹೆಂಗಸನ್ನು ಆಸ್ಪತ್ರೆಯಲ್ಲಿ ಎಲ್ಲರೂ ಅಳತೆಯಕ್ಕ ಎಂದೇ ಕರೆಯುತ್ತಾರೆ. ಐವತ್ತೆಂಟು ವಯಸ್ಸು, ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ, ಇನ್ನೆರಡು ವರ್ಷಕ್ಕೆ ನಿವೃತ್ತಿ. ಎಲ್ಲರ ಎತ್ತರ ಅಳೆಯುವ ಈ ಅಕ್ಕನ ಎತ್ತರ ನೂರ ನಲವತ್ತಾರು. ಹದಿಮೂರು ದಾಟಿದ ಮಕ್ಕಳೆಲ್ಲ ಇವರಿಗಿಂತ ಉದ್ದ, ಅದಕ್ಕೇ ಸ್ಟೂಲು. ದಿನಕ್ಕೆ ನಲವತ್ತು ಸಲ ಹತ್ತಿ ಇಳಿದು ಮಂಡಿ ಸವೆದಿದೆ. ಪ್ರತಿ ಸಲ ಇಳಿಯುವಾಗಲೂ ಗೋಡೆಗೆ ಕೈ ಕೊಡುವುದರಿಂದ ಅಲ್ಲೊಂದು ಅಂಗೈಯಗಲದ ಜಾಗ ಎಣ್ಣೆಗಪ್ಪಾಗಿದೆ. ತಲೆ ಮೇಲೆ ಕೂರುವ ಹಲಗೆ ಇವರ ಅಪ್ಪ ಮಾಡಿಕೊಟ್ಟದ್ದು. ಅವರು ಬಡಗಿ. ಆಸ್ಪತ್ರೆ ಕೊಟ್ಟಿದ್ದ ಪ್ಲಾಸ್ಟಿಕ್ ಹಲಗೆ ಮುರಿದಾಗ, ಹೊಸದು ಬರುವ ತನಕ ಇರಲಿ ಎಂದು ಮಾಡಿದ್ದರಂತೆ. ಹೊಸದು ಬರುವುದು ಇನ್ನೂ ಬಾಕಿ ಇದೆ. ಅಪ್ಪ ಹೋಗಿ ಹದಿನೇಳು ವರ್ಷವಾಯಿತು.

ಅಳತೆಯಕ್ಕನ ಕೆಲಸ ಇಷ್ಟೇ: ಖಿನ್ನತೆಗೆ, ಭಯಕ್ಕೆ ಮಾತ್ರೆ ತೆಗೆದುಕೊಳ್ಳುವ ಮಕ್ಕಳನ್ನು ಆರಾರು ತಿಂಗಳಿಗೆ ಅಳೆಯುವುದು, ತೂಗುವುದು. ಆ ಮಾತ್ರೆಗಳಿಂದ ಕೆಲವು ಮಕ್ಕಳಿಗೆ ಹಸಿವು ಕಟ್ಟುತ್ತದೆ, ಕೆಲವರಿಗೆ ಮೈ ಬರುತ್ತದೆ, ಇನ್ನು ಕೆಲವರ ಎತ್ತರ ನಿಧಾನವಾಗುತ್ತದೆ. ಯಾರಿಗೆ ಏನು ಎಂದು ಮೊದಲೇ ಹೇಳಲಾಗುವುದಿಲ್ಲ, ಅದಕ್ಕೇ ಅಳತೆ. ಇಲ್ಲಿಗೆ ಬರುವ ಮಕ್ಕಳಿಗೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದೇ ಒಂದು ಹೆದರಿಕೆ. ಮೇಲಿನಿಂದ ಏನೋ ಇಳಿದು ಬರುತ್ತದೆ, ಎಲ್ಲರೂ ನೋಡುತ್ತಾರೆ. ಹಾಗಾಗಿ ಜೊತೆಗೆ ಬಂದ ದೊಡ್ಡವರನ್ನು ಮೊದಲು ನಿಲ್ಲಿಸುವುದು ಅಳತೆಯಕ್ಕನ ಪದ್ಧತಿ. ದೊಡ್ಡವರು ಪೆಚ್ಚಾದಷ್ಟೂ ಮಕ್ಕಳಿಗೆ ಧೈರ್ಯ. ಈ ಲೆಕ್ಕದಲ್ಲಿ ಆ ದಿನ ನಾನು ಆಸ್ಪತ್ರೆಗೆ ದೊಡ್ಡ ಸೇವೆ ಸಲ್ಲಿಸಿದ್ದೆ.

ತಂಗಿಯ ಮಗಳಿಗೆ ಹನ್ನೆರಡು ವಯಸ್ಸು. ಹುಟ್ಟಿದಾಗ ಗೇಣುದ್ದ ಇದ್ದಳು ಎಂದು ನಾವೆಲ್ಲ ಚೋಟು ಎಂದು ಕರೆಯುತ್ತಿದ್ದೆವು. ಈಗ ಆ ಹೆಸರು ಮನೆಯಲ್ಲಿ ನಿಷೇಧ. ಒಂದೂವರೆ ವರ್ಷದ ಹಿಂದೆ, ಯಾವ ಕಾರಣವೂ ಕೈಗೆ ಸಿಗದ ಹಾಗೆ, ಆ ಹುಡುಗಿ ಮೆಲ್ಲಗೆ ಆರಿಹೋದಳು. ಮೊದಲು ಶಾಲೆ ಬಿಟ್ಟಳು, ಆಮೇಲೆ ಊಟ, ಆಮೇಲೆ ಮಾತು. ಬೆಳಗಾದರೆ ಬಚ್ಚಲುಮನೆಗೆ ಹೋಗಿ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದಳು. ನಾಲ್ಕು ತಿಂಗಳು ಹಾಗೆ ಕೂತಿದ್ದಳು. ಆ ನಾಲ್ಕು ತಿಂಗಳು ನನ್ನ ತಂಗಿ ಬಚ್ಚಲ ಬಾಗಿಲ ಹೊರಗೆ ಒಂದು ಮಣೆ ಹಾಕಿಕೊಂಡು ಕೂತಿದ್ದಳು. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಹುಡುಗಿ ಹೊರಗೆ ಬಂದು, ಯಾರೋ ತನ್ನ ಬಾಚಣಿಗೆ ಮುಟ್ಟಿದ್ದಾರೆ ಎಂದು ಜಗಳ ತೆಗೆದಳು. ಒಂದು ಜಗಳಕ್ಕೆ ಅಷ್ಟು ಖುಷಿಪಟ್ಟ ಮನೆಯನ್ನು ನಾನು ನೋಡಿಲ್ಲ.

ಆದರೆ ಎತ್ತರ ನಿಂತುಬಿಟ್ಟಿತ್ತು. ತರಗತಿಯ ಹುಡುಗಿಯರೆಲ್ಲ ಸರ್ರನೆ ಬೆಳೆದರು. ಚೋಟು ಸಾಲಿನಲ್ಲಿ ಹಿಂದಿನಿಂದ ಮಧ್ಯಕ್ಕೆ, ಮಧ್ಯದಿಂದ ಮುಂದಿನ ತುದಿಗೆ ಬಂದಳು. ತಂಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಒಬ್ಬಳೇ ಕೂತು ಮೊಬೈಲಿನಲ್ಲಿ ಏನೇನೋ ಓದಿ, ಮಾತ್ರೆಯೇ ಮಗಳ ಮೂಳೆ ಹಿಡಿದಿದೆ ಎಂದು ತೀರ್ಮಾನಿಸಿದ್ದಳು. ಆ ದಿನ ಬೆಳಗ್ಗೆ ಚೋಟುವನ್ನು ನನ್ನ ಕೈಗೆ ಒಪ್ಪಿಸುವಾಗ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಅಣ್ಣಾ, ಈ ಸಲವೂ ಎತ್ತರ ಬಂದಿಲ್ಲ ಅಂದ್ರೆ ಮಾತ್ರೆ ಇವತ್ತಿಂದಲೇ ಬಂದ್. ಡಾಕ್ಟರು ಏನೇ ಹೇಳ್ಲಿ."

"ಬಂದ್ ಮಾಡಿ?"

"ಮಾಡಿ ನೋಡೋಣ."

'ನೋಡೋಣ' ಅನ್ನುವಾಗ ಅವಳ ಕಣ್ಣು ಬಚ್ಚಲ ಬಾಗಿಲ ಕಡೆ ಹೋಗಿ ಬಂತು. ನಾನೂ ನೋಡಿದೆ. ಇಬ್ಬರೂ ನೋಡದವರ ಹಾಗೆ ನಟಿಸಿದೆವು.

ಹಾಗಾಗಿ, ನನ್ನ ಬಳಿಕ ಚೋಟು ಹಳದಿ ಪಾದಗಳ ಮೇಲೆ ನಿಂತಾಗ ನಾನು ಹಲಗೆಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಅಳತೆಯಕ್ಕ ಓದಿದರು. "ನೂರ ನಲವತ್ತಾರು. ನೂರ ನಲವತ್ತಾರು." ಆರು ತಿಂಗಳ ಹಿಂದೆ ನೂರ ನಲವತ್ಮೂರು ಪಾಯಿಂಟ್ ಎರಡು ಇತ್ತು. ಸುಮಾರು ಮೂರು ಸೆಂಟಿಮೀಟರ್!

"ನನ್ನಷ್ಟೇ ಆದೆ ನೋಡು," ಅಂದರು ಅಳತೆಯಕ್ಕ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಡಾಕ್ಟರಮ್ಮ ಕಾರ್ಡು ನೋಡಿ ಚೆನ್ನಾಗಿದೆ ಅಂದರು, ಮಾತ್ರೆ ಹೀಗೇ ಮುಂದುವರಿಯಲಿ ಅಂದರು. ತಂಗಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರದ ಕಿರ್ರ್ ಸದ್ದಿನ ನಡುವೆ ಅವಳು ಅತ್ತದ್ದು ಕೇಳಿಸಿತು. ಊಟದ ಬಿಡುವಿನಲ್ಲಿ ತಾನೇ ಬರುತ್ತೇನೆ, ಅಲ್ಲೇ ಇರಿ ಅಂದಳು.

ಇಲ್ಲಿಗೆ ನಾನು ಸುಮ್ಮನೆ ಬೆಂಚಿನ ಮೇಲೆ ಕೂತಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಆರನೇ ಅಂಗುಲ ಕುಣಿಯುತ್ತಿತ್ತು. ಬಾಯಿಮಾತಿನಲ್ಲಿ ಹೇಳಿದರೆ ಹೆಂಡತಿ ನಂಬುತ್ತಾಳೆಯೆ? ಆಸ್ಪತ್ರೆಯ ಮೊಹರು ಇರುವ ಒಂದು ಚೀಟಿ ಇದ್ದರೆ! ಚೋಟುವನ್ನು ಕರೆದುಕೊಂಡು ವಾಪಸ್ ಹೋದೆ. ಸಾಲು ಕರಗಿತ್ತು. ಅಳತೆಯಕ್ಕ ಸ್ಟೂಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು.

"ಒಂದು ಸಣ್ಣ ಉಪಕಾರ. ನನ್ನ ಎತ್ತರ ಬರೆದು ಒಂದು ಮೊಹರು..."

"ಯಾಕೆ?"

"ಮನೇಲಿ ತೋರಿಸೋಕೆ."

ಅವರು ನನ್ನನ್ನು ಒಮ್ಮೆ, ನನ್ನ ಬೂಟನ್ನು ಒಮ್ಮೆ ನೋಡಿದರು. "ಇಂಥದ್ದಕ್ಕೆ ಇಲ್ಲೀ ತನಕ ಯಾರೂ ಬಂದಿರ್ಲಿಲ್ಲ," ಅಂದು ಚೋಟುವಿನ ಕಾರ್ಡು ತೆಗೆದರು. ಮೂಲೆಯ ಪೆನ್ಸಿಲ್ ಅಂಕಿ ನೋಡಿ ಬರೆಯತೊಡಗಿದವರು, ಅದರ ಮೇಲಿದ್ದ ಹಳೆಯ ಅಂಕಿ ಕಂಡು ಕೈ ತಡೆದರು. ಕಾರ್ಡನ್ನು ಹಿಂದೆ ತಿರುಗಿಸಿದರು. ಕನ್ನಡಕ ಏರಿಸಿದರು.

"ಮೊದಲನೇ ಸಲ ಇವಳನ್ನ ಕರ್ಕೊಂಡು ಬಂದಿದ್ದೂ ನೀವೇನಾ?"

"ನಾನೇ. ವರ್ಷದ ಮೇಲಾಯ್ತು."

"ಆಗ ನೂರ ಅರವತ್ತೈದೂವರೆ ಇದ್ರಿ."

"ಇರಬಹುದು. ಆ ದಿನ ಇವಳ ಗಾಬರೀಲಿ ನನ್ನನ್ನ ಅಳೆದದ್ದೇ ಮರೆತುಹೋಗಿತ್ತು."

"ಈಗ ನಿಮಗೆಷ್ಟು ವಯಸ್ಸು?"

"ಐವತ್ಮೂರು."

ಅಳತೆಯಕ್ಕ ಚಪ್ಪಲಿ ಬಿಟ್ಟು ತಾವೇ ಹಳದಿ ಪಾದಗಳ ಮೇಲೆ ನಿಂತರು. "ಆ ಹಲಗೆ ಇಳಿಸಿ. ಓದಿ."

ಓದಿದೆ. "ನೂರ ನಲವತ್ತೆಂಟು ಪಾಯಿಂಟ್ ಒಂದು."

"ನಾನು ಮೂವತ್ತು ವರ್ಷದಿಂದ ನೂರ ನಲವತ್ತಾರು," ಅಂದು ಅವರು ಕೆಳಗೆ ನೋಡಿದರು. ನಾನೂ ನೋಡಿದೆ. ಚೋಟುವೂ ನೋಡಿದಳು. ಮೂವರೂ ನೆಲವನ್ನು, ಅದು ಏನಾದರೂ ಹೇಳುತ್ತದೆಯೋ ಎಂಬ ಹಾಗೆ, ನೋಡುತ್ತ ನಿಂತೆವು.

ನೆಲ ಹೇಳಿತು. ಮೂರು ವಾರದ ಹಿಂದೆ ಹಳೆಯ ಸಿಮೆಂಟು ನೆಲದ ಮೇಲೆಯೇ ಗಾರೆ ಹಾಕಿ ಟೈಲ್ಸು ಕೂರಿಸಿದ್ದರು. ಗೋಡೆಯ ಪಟ್ಟಿ ಇದ್ದಲ್ಲೇ ಇತ್ತು. ನೆಲ ಎರಡು ಪಾಯಿಂಟ್ ಒಂದು ಸೆಂಟಿಮೀಟರ್ ಎದ್ದಿತ್ತು. ಅದರ ಮೇಲೆ ನಿಂತವರೆಲ್ಲ ಅಷ್ಟೇ ಎದ್ದಿದ್ದರು. ಸ್ಟೂಲೂ ಎದ್ದಿದ್ದರಿಂದ ಅಳತೆಯಕ್ಕನ ಕಣ್ಣಿಗೆ ಏನೂ ಬೇರೆ ಕಾಣಲಿಲ್ಲ. ಪ್ರತಿ ಸೋಮವಾರ ಪಟ್ಟಿ ಸರಿಯಿದೆಯೇ ಎಂದು ನೋಡಲು ಅವರ ಬಳಿ ಸರಿಯಾಗಿ ಒಂದು ಮೀಟರಿನ ಕೋಲೊಂದಿತ್ತು, ಅದೂ ಅಪ್ಪ ಮಾಡಿದ್ದೇ. ಅದನ್ನು ಟೈಲ್ಸಿನವರು ಗಾರೆ ಕಲಸಲು ತೆಗೆದುಕೊಂಡು ಹೋಗಿದ್ದರು. ಇನ್ನೊಂದು ಕೊಡಿ ಎಂದು ಅಕ್ಕ ಆಫೀಸಿಗೆ ಬರೆದ ಅರ್ಜಿ 'ಪರಿಶೀಲನೆಯಲ್ಲಿ' ಇತ್ತು.

ಅವರು ಮತ್ತೆ ಸ್ಟೂಲಿನ ಮೇಲೆ ಕುಸಿದು ಕೂತರು. "ಮೂರು ವಾರದಿಂದ ಎಲ್ಲಾ ಮಕ್ಕಳೂ ಚೆನ್ನಾಗಿ ಬೆಳೀತಿದ್ವು. ನನಗೆ ಖುಷಿ ಆಗ್ತಿತ್ತು ಕಣ್ರೀ. ಕಮ್ಮಿ ಬಂದಿದ್ರೆ ಮೂರ್ಮೂರು ಸಲ ಅಳೀತಿದ್ದೆ. ಜಾಸ್ತಿ ಬಂತಲ್ಲ, ಯಾಕೆ ಅಂತ ಕೇಳ್ಲೇ ಇಲ್ಲ." ದೊಡ್ಡವರ ಅಂಕಿಯನ್ನು ಅವರು ಬರೆಯುತ್ತಿದ್ದರೇ ಹೊರತು ಹಿಂದಿನದರ ಜೊತೆ ಹೋಲಿಸುವ ಸಂದರ್ಭವೇ ಬಂದಿರಲಿಲ್ಲ. ಚೀಟಿ ಬೇಕೆಂದು ಬಂದವನು ನಾನೊಬ್ಬನೇ.

ನೂರ ನಲವತ್ತಾರರಲ್ಲಿ ಎರಡು ಪಾಯಿಂಟ್ ಒಂದು ಕಳೆದರೆ ನೂರ ನಲವತ್ಮೂರು ಪಾಯಿಂಟ್ ಒಂಬತ್ತು. ಅಂದರೆ ಆರು ತಿಂಗಳಲ್ಲಿ ಚೋಟು ಬೆಳೆದದ್ದು ಏಳು ಮಿಲಿಮೀಟರ್. ಚೋಟುವನ್ನು ನೀರು ಕುಡಿದು ಬಾ ಎಂದು ಹೊರಗೆ ಕಳಿಸಿದೆ.

"ಅಕ್ಕಾ, ಒಂದು ಮಾತು. ಇದನ್ನ ಹೀಗೇ ಬಿಟ್ಬಿಡಿ."

"ಏನನ್ನ?"

"ನೂರ ನಲವತ್ತಾರು ಅಂತಲೇ ಇರ್ಲಿ. ಇವರಮ್ಮ ಬರ್ತಿದ್ದಾಳೆ. ಎತ್ತರ ಬಂದಿಲ್ಲ ಅಂತ ಗೊತ್ತಾದ್ರೆ ಇವತ್ತೇ ಮಾತ್ರೆ ಬಿಡಿಸ್ತಾಳೆ. ಆ ಹುಡುಗಿ ವಾಪಸ್ ಬಚ್ಚಲಿಗೆ ಹೋಗಿ ಕೂತ್ರೆ ಯಾರು ಕರ್ಕೊಂಡು ಬರೋದು?"

ಅಳತೆಯಕ್ಕ ಬಹಳ ಹೊತ್ತು ಅಪ್ಪನ ಹಲಗೆಯನ್ನು ಮೇಲೆ ಕೆಳಗೆ ಸರಿಸುತ್ತಿದ್ದರು. ದಣಿದ ಮುಖ. ಬೈಯುತ್ತಾರೆ ಎಂದುಕೊಂಡೆ. ಬೈಯಲು ಬೇಕಾದ ಶಕ್ತಿಯೂ ಅವರಲ್ಲಿ ಉಳಿದ ಹಾಗಿರಲಿಲ್ಲ.

"ನೀವು ಹೇಳೋದು ಸುಳ್ಳಲ್ಲ," ಅಂದರು ಕೊನೆಗೆ. "ಆದ್ರೆ ಮುಂದಿನ ಸಲ ಪಟ್ಟಿ ಸರಿ ಮಾಡಿ ಅಳೆದಾಗ ಮಗು ಕುಗ್ಗಿರುತ್ತೆ. ಆಗ ಏನು ಹೇಳ್ತೀರಿ? ಅದೂ ಅಲ್ದೆ, ಡಾಕ್ಟರಮ್ಮ ಮಾತ್ರೆ ಕೊಡೋದು ನನ್ನ ಅಂಕಿ ನೋಡಿ ಕಣ್ರೀ." ಗೋಡೆಗೆ ಕೈ ಕೊಟ್ಟು ಎದ್ದರು. "ಬನ್ನಿ. ತಪ್ಪು ನನ್ನದು. ನಾನೇ ಹೇಳ್ತೀನಿ. ನೀವು ಜೊತೆಗೆ ನಿಂತ್ಕೊಳ್ಳಿ, ಸಾಕು."

ನಾವು ಡಾಕ್ಟರಮ್ಮನ ಬಾಗಿಲು ಮುಟ್ಟುವಷ್ಟರಲ್ಲಿ ತಂಗಿ ಬಂದೇಬಿಟ್ಟಳು. ಕೈಯಲ್ಲಿ ಒಂದು ಚೀಲ. ದಾರಿಯಲ್ಲಿ ಮಗಳಿಗೆ ಹೊಸ ಪ್ಯಾಂಟು ಕೊಂಡಿದ್ದಳು, ಎರಡು ಅಳತೆ ದೊಡ್ಡದು. ಅದನ್ನು ಚೋಟುವಿನ ಸೊಂಟಕ್ಕೆ ಹಿಡಿದು, "ಇನ್ನಾರು ತಿಂಗಳಿಗೆ ಸರಿ ಹೋಗುತ್ತೆ, ಅಲ್ವಾ ಅಣ್ಣಾ?" ಅಂದಳು. ನಾನು ಪ್ಯಾಂಟಿನ ಬೆಲೆ ಚೀಟಿಯನ್ನು ಗಮನವಿಟ್ಟು ಓದತೊಡಗಿದೆ.

ಒಳಗೆ ಅಳತೆಯಕ್ಕ ಹೇಳಿದರು. ನಿಂತುಕೊಂಡೇ, ಅಂಕಿ ಓದುವ ದನಿಯಲ್ಲೇ: ನೆಲ ಇಷ್ಟು ಎದ್ದಿದೆ, ನಾನು ನೋಡಲಿಲ್ಲ, ಮಗುವಿನ ನಿಜವಾದ ಎತ್ತರ ಇಷ್ಟು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಎರಡೂ ಕಣ್ಣು ಒತ್ತಿಕೊಂಡರು. ಬೆಳಗಿನಿಂದ ಮೂವತ್ತೆರಡನೆಯ ಮಗು ಚೋಟು.

"ಏಳು ಮಿಲಿಮೀಟರ್," ಅಂದಳು ತಂಗಿ. "ನಮ್ಮಂಗಡೀಲಿ ಒಂದು ಮಿಲಿಮೀಟರ್ ತಪ್ಪಿದ್ರೆ ಗಿರಾಕಿಗೆ ತಲೆ ಸುತ್ತುತ್ತೆ. ನೀವು ಆಸ್ಪತ್ರೆಯವರು ನೆಲಾನೇ ಎಬ್ಬಿಸಿಬಿಟ್ರಾ?" ಮತ್ತೆ ಡಾಕ್ಟರಮ್ಮನ ಕಡೆ ತಿರುಗಿ, "ಸಾಕು. ಇವತ್ತಿಂದ ಮಾತ್ರೆ ಬೇಡ."

"ಕಮ್ಮಿ ಬೆಳೆದಿದ್ದಾಳೆ, ಒಪ್ತೀನಿ," ಅಂದರು ಡಾಕ್ಟರಮ್ಮ. "ಮಾತ್ರೆಯಿಂದ ಇರಬಹುದು, ಇಲ್ಲ ಅನ್ನಲ್ಲ. ನಾಲ್ಕು ತಿಂಗಳು ಸರಿಯಾಗಿ ತಿಂದಿಲ್ಲವಲ್ಲ, ಅದರಿಂದಲೂ ಇರಬಹುದು. ಕೆಲವು ಮಕ್ಕಳು ತಡವಾಗಿಯೇ ಬೆಳೆಯೋದು. ಮೂರರಲ್ಲಿ ಯಾವುದು ಎಷ್ಟು ಅಂತ ಯಾರಾದ್ರೂ ಖಂಡಿತ ಹೇಳಿದ್ರೆ ನಂಬಬೇಡಿ. ಕೈಮೂಳೆಯ ಎಕ್ಸ್‌ರೇ ತೆಗೆಸೋಣ, ರಕ್ತ ನೋಡೋಣ. ಆರು ತಿಂಗಳಲ್ಲ, ಮೂರು ತಿಂಗಳಿಗೆ ಅಳೆಯೋಣ. ಮಾತ್ರೆ ಇಳಿಸೋದಾದ್ರೆ ಮೆಲ್ಲಗೆ ಇಳಿಸೋಣ. ಒಂದೇ ದಿನ ನಿಲ್ಲಿಸಿದ್ರೆ ತಲೆಸುತ್ತು, ನಿದ್ದೆ ಕೆಡೋದು, ಆಮೇಲೆ..."

"ಆಮೇಲೆ ಏನು ಅಂತ ನನಗೆ ಗೊತ್ತು. ಬಾಗಿಲ ಹೊರಗೆ ಕೂತಿದ್ದವಳು ನಾನು," ಅಂದಳು ತಂಗಿ. ದನಿ ಒಡೆಯಿತು. "ಹಾಗಂತ ಮಗು ಮೊಟಕಾಗಿ ಉಳಿದುಬಿಟ್ರೆ ನಾಳೆ ಅವಳೇ ನನ್ನ ಕೇಳಲ್ವಾ?"

ಆಗ ಅಳತೆಯಕ್ಕ ಕಾರ್ಡನ್ನು ಹಿಂದುಮುಂದು ತಿರುಗಿಸಿ ತಂಗಿಯ ಮುಂದಿಟ್ಟರು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೂರು ಸಾಲು. ಮೊದಲನೆಯದು: 'ಬಾಗಿಲಿಂದ ಗೋಡೆಗೆ ನಲವತ್ತು ನಿಮಿಷ. ಬೆನ್ನು ಕೊಡಲಿಲ್ಲ, ಗೋಡೆ ಕಡೆ ಮುಖ ಮಾಡಿ ನಿಂತವಳನ್ನು ಹಾಗೇ ಅಳೆದೆ.' ಎರಡನೆಯದು: 'ಎಂಟು ನಿಮಿಷ. ಅಮ್ಮನ ಕೈ ಹಿಡಿದು.' ಮೂರನೆಯದು ಆ ದಿನದ್ದು: 'ತಾನೇ ಬಂದಳು. ಮಾಮನ ಕಾಲ್ಚೀಲ ನೋಡಿ ನಕ್ಕಳು.'

ಬಾಗಿಲಿಂದ ಆ ಗೋಡೆಗೆ ಇರುವುದು ಆರು ಹೆಜ್ಜೆ. ನಲವತ್ತು ನಿಮಿಷದ ಆ ದಿನ ಅಲ್ಲಿದ್ದವನು ನಾನೇ. ಸಾಲಿನಲ್ಲಿದ್ದವರು ಗೊಣಗುತ್ತಿದ್ದರು, ನಾನು ಎಲ್ಲರಿಗೂ ಕ್ಷಮೆ ಕೇಳುತ್ತಿದ್ದೆ. ಈ ಅಕ್ಕ ಮಾತ್ರ ಸ್ಟೂಲಿನ ಮೇಲೆ ಕೂತು, ಬಸ್ಸಿಗೆ ಕಾಯುವವರ ಹಾಗೆ ಕಾದಿದ್ದರು.

"ಇದನ್ನ ಯಾಕೆ ಬರ್ಕೊಂಡ್ರಿ?" ಕೇಳಿದರು ಡಾಕ್ಟರಮ್ಮ. ಅವರೂ ನೋಡಿರಲಿಲ್ಲ.

"ಎತ್ತರಕ್ಕೊಂದು ಕಾಲಂ ಇದೆ, ತೂಕಕ್ಕೊಂದು ಕಾಲಂ ಇದೆ. ಇದಕ್ಕೆ ಇಲ್ಲ. ಅದಕ್ಕೇ ಪೆನ್ಸಿಲ್ಲು. ಎಲ್ಲಾ ಮಕ್ಕಳದ್ದೂ ಬರೀತೀನಿ. ಯಾರೂ ಹಿಂದೆ ತಿರುಗಿಸಲ್ಲ."

ತಂಗಿ ಮೂರೂ ಸಾಲನ್ನು ಗಾಜಿನ ಗೀರು ಹುಡುಕುವವಳ ಹಾಗೆ ಓದಿದಳು. ಆಮೇಲೆ ಮೊದಲ ಬಾರಿಗೆ ಮಗಳನ್ನೇ ಕೇಳಿದಳು. "ನಿನಗೇನನ್ಸುತ್ತೆ?"

ಚೋಟು ಪ್ಯಾಂಟಿನ ಚೀಲ ಹಿಡಿದು ಕಾಲಾಡಿಸುತ್ತಿದ್ದಳು. "ನನಗೂ ಉದ್ದ ಆಗ್ಬೇಕು. ಮುಂದಿನ ಬೆಂಚು ಬೇಜಾರು, ಮೇಷ್ಟ್ರ ಉಗುಳು ಹಾರುತ್ತೆ." ಸ್ವಲ್ಪ ತಡೆದು, "ಆದ್ರೆ ಆ ಬಕೆಟ್ಟಿನ ಮೇಲೆ ಕೂರಲ್ಲ ಅಮ್ಮ. ಅಲ್ಲಿ ಏನೂ ಇಲ್ಲ."

ಅಳತೆಯಕ್ಕ ತಮ್ಮ ನೂರ ನಲವತ್ತಾರನ್ನು ನೇರ ಮಾಡಿಕೊಂಡು ಹೇಳಿದರು: "ನಾನು ಜನ್ಮದಲ್ಲಿ ಒಂದು ಮಾತ್ರೆ ನುಂಗಿದವಳಲ್ಲ. ನೋಡು, ಇಷ್ಟೇ ಬೆಳೆದಿದ್ದು."

ಮೊದಲು ನಕ್ಕವಳು ತಂಗಿ. ನಗುವೋ ಅಳುವೋ ಎಂದು ಬೇರ್ಪಡಿಸುವ ಹಾಗಿರಲಿಲ್ಲ. ಮೂರು ತಿಂಗಳು ನೋಡೋಣ ಅಂದಳು. ಈ ಸಲದ 'ನೋಡೋಣ'ದಲ್ಲಿ ಅವಳ ಕಣ್ಣು ಎಲ್ಲಿಗೂ ಓಡಲಿಲ್ಲ, ಮಗಳ ಮೇಲೆಯೇ ಇತ್ತು.

ಅಳತೆಯಕ್ಕನಿಗೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಆ ಮೂರು ವಾರದಲ್ಲಿ ಅಳೆದಿದ್ದ ಮಕ್ಕಳು ಇನ್ನೂರ ಹನ್ನೊಂದು. ಪ್ರತಿಯೊಬ್ಬರ ಕಾರ್ಡಿನಲ್ಲೂ ಕೆಂಪು ಶಾಯಿಯಲ್ಲಿ ಅಂಕಿ ತಿದ್ದಿ, ಪಕ್ಕದಲ್ಲಿ 'ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದರು. ಮನೆಮನೆಗೆ ಫೋನ್ ಮಾಡಿದರು. ಕೆಲವರು ಅತ್ತರಂತೆ. ಕೆಲವರು ಎತ್ತಲೇ ಇಲ್ಲ. ಒಬ್ಬ ಅಜ್ಜಿ, "ಕೊಟ್ಟಿದ್ದನ್ನ ವಾಪಸ್ ಕಿತ್ಕೋತೀಯಾ, ನಿನ್ನ ಕೈ ಬೀಳ" ಎಂದು ಬೈದರಂತೆ. "ಕೈ ಹೋದ್ರೆ ಹಲಗೆ ಯಾರು ಇಳಿಸೋದು ಅಜ್ಜಿ?" ಅಂದರಂತೆ ಇವರು. ಇದೆಲ್ಲದರ ನಡುವೆ ಆಫೀಸಿನಿಂದ, ತಪ್ಪಾಗಿ ಅಳೆದದ್ದೇಕೆ ಎಂದು ವಿವರಣೆ ಕೇಳಿ ನೋಟೀಸು ಬಂತು. ಒಂದೇ ಸಾಲಿನಲ್ಲಿ ಉತ್ತರ ಬರೆದರು: 'ನೆಲವನ್ನು ನಂಬಿದ್ದೆ.' ಅದೂ ಈಗ ಪರಿಶೀಲನೆಯಲ್ಲಿದೆ.

ಮೂರು ತಿಂಗಳು ಕಳೆದು ಮತ್ತೆ ಹೋದೆವು. ಈ ಸಲ ತಂಗಿಯೂ ಬಂದಳು. ಚೋಟು ಅದೇ ಪ್ಯಾಂಟು ಹಾಕಿದ್ದಳು. ಕೆಳಗೆ ನಾಲ್ಕು ಮಡಿಕೆ ಇದ್ದದ್ದು ಮೂರಾಗಿತ್ತು. ಆದರೆ ಅದು ತಂಗಿ ಆಸೆಯಿಂದ ಬಿಚ್ಚಿದ್ದೋ, ಅಗತ್ಯಕ್ಕೆ ಬಿಚ್ಚಿದ್ದೋ ನಾನು ಕೇಳಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಇನ್ನೂ ಬೆಳೆಯುವ ಮನಸ್ಸಿನಲ್ಲಿದೆ ಎಂದು ಡಾಕ್ಟರಮ್ಮ ಹೇಳಿದ್ದರು. ಮಾತ್ರೆಯನ್ನು ಕೂದಲೆಳೆಯಷ್ಟು ಇಳಿಸಿದ್ದರು. ಹುಡುಗಿ ದಿನಾ ಶಾಲೆಗೆ ಹೋಗುತ್ತಿದ್ದಳು, ಎರಡು ದಿನಕ್ಕೊಮ್ಮೆ ಜಗಳವಾಡುತ್ತಿದ್ದಳು. ವಾರದಲ್ಲಿ ಒಂದು ದಿನ ಮಂಕಾಗಿ ಕೂರುತ್ತಿದ್ದಳು, ಆದರೆ ಕುರ್ಚಿಯ ಮೇಲೆ.

ಅಳತೆ ಕೋಣೆಯಲ್ಲಿ ಪಟ್ಟಿಯನ್ನು ಕಿತ್ತು ಮೇಲೆ ಬಡಿದಿದ್ದರು. ಹಳೆಯ ಆಣಿಯ ತೂತುಗಳು ಹಾಗೇ ಇದ್ದವು. ಬಾಗಿಲ ಹಿಂದೆ ಹೊಸ ಸ್ಟೀಲಿನ ಕೋಲು ನೇತಾಡುತ್ತಿತ್ತು. ಗಾರೆಯಲ್ಲಿ ಸಿಕ್ಕಿ ತುದಿಗೆ ಸಿಮೆಂಟು ಗಟ್ಟಿಯಾಗಿದ್ದ ಅಪ್ಪನ ಕೋಲನ್ನು ಅಕ್ಕ ಎಲ್ಲಿಂದಲೋ ಹುಡುಕಿ ತಂದು ಕಿಟಕಿಗೆ ಆನಿಸಿಟ್ಟಿದ್ದರು, ಅದರ ಬಾಗಿಲು ಗಾಳಿಗೆ ಬಡಿಯದ ಹಾಗೆ.

"ಮೊದಲು ದೊಡ್ಡವರು."

ಈ ಸಲ ಹೊಸ ಕಾಲ್ಚೀಲ ಹಾಕಿಕೊಂಡು ಬಂದಿದ್ದೆ. ಸಾಲಿನಲ್ಲಿದ್ದ ಮಕ್ಕಳು ಯಾರೂ ನಗಲಿಲ್ಲ. ಅಳತೆಯಕ್ಕ ನನ್ನ ಕಾಲನ್ನು ನೋಡಿ ಸ್ವಲ್ಪ ನಿರಾಶರಾದ ಹಾಗೆ ಕಂಡಿತು. ನೂರ ಅರವತ್ತೈದು ಪಾಯಿಂಟ್ ನಾಲ್ಕು ಬಂದೆ. ಒಂದು ಮಿಲಿಮೀಟರ್ ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಚೋಟು ಪಾದಗಳ ಮೇಲೆ ನಿಂತು, ಹೇಳುವ ಮುಂಚೆಯೇ ಹಿಮ್ಮಡಿಯನ್ನು ಗೋಡೆಗೆ ಒತ್ತಿದಳು. ಅಳತೆಯಕ್ಕ ಸ್ಟೂಲು ಹತ್ತಿದರು. ಎರಡು ಸಲ ಓದಿದರು. ಮತ್ತೆ ಇಳಿದು, ಬಾಗಿಲ ಹಿಂದಿನ ಕೋಲು ತಂದು ಪಟ್ಟಿಯ ಪಕ್ಕ ಹಿಡಿದು ನೋಡಿ, ಮತ್ತೆ ಹತ್ತಿ ಮೂರನೇ ಸಲ ಓದಿದರು. "ನೂರ ನಲವತ್ನಾಲ್ಕು ಪಾಯಿಂಟ್ ಎಂಟು." ಮೂರು ತಿಂಗಳಲ್ಲಿ ಒಂಬತ್ತು ಮಿಲಿಮೀಟರ್. ಕುಣಿಯುವಷ್ಟಲ್ಲ, ಅಳುವಷ್ಟೂ ಅಲ್ಲ. ತಂಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಕ್ಕ ಕಾರ್ಡು ತಿರುಗಿಸಿ ಪೆನ್ಸಿಲಿನಲ್ಲಿ ಏನೋ ಬರೆದುಕೊಂಡರು. ಏನೆಂದು ತೋರಿಸಲಿಲ್ಲ.

ತಂಗಿಗೆ ಅಂಕಿ ಸಾಲಲಿಲ್ಲ, ಮನುಷ್ಯರ ಬಾಯಿಂದ ಒಂದು ಮಾತು ಬೇಕಿತ್ತು. ನನ್ನನ್ನು ಮೊಣಕೈಯಲ್ಲಿ ತಿವಿದಳು. ನಾನು ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದೆ. "ಅಕ್ಕಾ, ಮೂವತ್ತು ವರ್ಷದಿಂದ ಇಷ್ಟೊಂದು ಮಕ್ಕಳನ್ನ ನೋಡಿದ್ದೀರಿ. ನಿಮ್ಮ ಅನುಭವದಲ್ಲಿ ಹೇಳಿ, ಇವಳು ಬೆಳೀತಾಳಾ?"

ಅಳತೆಯಕ್ಕ ಗೋಡೆಗೆ ಕೈ ಕೊಟ್ಟು ಸ್ಟೂಲಿನಿಂದ ಇಳಿದರು. ಮಂಡಿ ನೀವಿಕೊಂಡರು.

"ಐವತ್ಮೂರರಲ್ಲಿ ನೀವು ಬೆಳೆದ್ರಿ ಅಂತ ಬರ್ಕೊಂಡವಳು ನಾನು. ನನ್ನನ್ನ ಕೇಳ್ತೀರಲ್ಲ."